ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ: ಹಳೆಯ ದೊಡ್ಡ ವ್ಯಾನಿನ ಖರ್ಚು ಎಲ್ಲಿ ಅಡಗಿರುತ್ತದೆ?

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. ಪರದೆ, ಪೆಟ್ಟಿಗೆ, ಲೈಟುಗಳನ್ನು ಸಾಗಿಸಲು ದೊಡ್ಡ ವ್ಯಾನ್ ಬೇಕಾಗಿದೆ. 2001ರ ಫೋರ್ಡ್ ಇ-350 ಒಂದು ನೋಡಿದ್ದೇವೆ. 5.4 ಲೀಟರ್ ವಿ8 ಎಂಜಿನ್, 1,60,000 ಮೈಲಿ ಓಡಿದೆ, 4,500 ಡಾಲರ್ ಹೇಳುತ್ತಿದ್ದಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು ಬರುತ್ತದೆ, ಸ್ವಲ್ಪ ಹೊತ್ತಿಗೆ ಅಡಗುತ್ತದೆ. ‘ಹಳೇ ಗಾಡಿ, ಇದೆಲ್ಲ ಮಾಮೂಲಿ’ ಅನ್ನುತ್ತಾರೆ ಮಾರುವವರು. ಕೊಳ್ಳಬಹುದೇ? ರಿಪೇರಿಗೆ ಎಷ್ಟು ತೆಗೆದಿಡಬೇಕು?
– ಓಹಾಯೋದ ಓದುಗರೊಬ್ಬರು

ಉತ್ತರ: ಸದ್ದಿನ ವಿಷಯ ಬರೆದಿದ್ದು ಒಳ್ಳೆಯದಾಯಿತು. ಮಾರುವವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಈ ಎಂಜಿನ್‌ನಲ್ಲಿ ಅದು ನಿಜಕ್ಕೂ ಮಾಮೂಲಿ. ಆದರೆ ಮಾಮೂಲಿ ಅಂದಮಾತ್ರಕ್ಕೆ ಅಗ್ಗವಲ್ಲ.

ಎಂಜಿನ್ ತಣ್ಣಗಿದ್ದಾಗ ಜೋರಾಗಿ ಕೇಳಿ, ಬಿಸಿಯಾದಂತೆ ಕಡಿಮೆಯಾಗುವ ಸದ್ದು ಬಹುಪಾಲು ಎಕ್ಸಾಸ್ಟ್ ಮ್ಯಾನಿಫೋಲ್ಡಿನದು, ಅಂದರೆ ಎಂಜಿನ್ನಿನ ಹೊಗೆಯನ್ನು ಸೇರಿಸಿ ಹೊರಗೆ ಸಾಗಿಸುವ ಕೊಳವೆಯದು. ಮ್ಯಾನಿಫೋಲ್ಡ್ ಎರಕದ ಕಬ್ಬಿಣ, ಅದು ಕೂರುವ ಹೆಡ್ (ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಂ. ಬಿಸಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ವರ್ಷಗಟ್ಟಲೆ ಈ ಎಳೆದಾಟ ನಡೆದು, ಜೊತೆಗೆ ತುಕ್ಕೂ ಸೇರಿ, ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿದಿರುವ ಬೋಲ್ಟಿನಂಥ ಸ್ಟಡ್‌ಗಳು ಮುರಿಯುತ್ತವೆ. ಆ ಸಂದಿಯಿಂದ ಹೊಗೆ ಚಿಮ್ಮುವ ಸದ್ದೇ ಟಿಕ್ ಟಿಕ್. ಲೋಹ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತದೆ, ಸದ್ದು ಅಡಗುತ್ತದೆ. ಆಯಿಲ್ ಮೇಲೇರುವುದು ತಡವಾಗಿ ಬರುವ ಸದ್ದಾದರೆ ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕಿತ್ತು.

ಬಿಸಿಯಾದ ಮೇಲೂ ನಿಲ್ಲದೆ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾಗುವ ಟಿಕ್ ಬೇರೆ, ಅದು ಸಡಿಲವಾದ ಸ್ಪಾರ್ಕ್ ಪ್ಲಗ್ಗಿನದಿರಬಹುದು, ಅದಕ್ಕೆ ಹೆದರಬೇಕು. ಆ ಕಾಲದ ಫೋರ್ಡ್ 5.4, ಅಂದರೆ ಟ್ರೈಟನ್, ಎಂಜಿನ್ನಿನ ಹೆಡ್‌ನಲ್ಲಿ ಸ್ಪಾರ್ಕ್ ಪ್ಲಗ್ ಹಿಡಿದುಕೊಳ್ಳಲು ಇರುವ ಥ್ರೆಡ್ ಬಹಳ ಕಡಿಮೆ, ನಾಲ್ಕು ಸುತ್ತಿನಷ್ಟು. ಪ್ಲಗ್ ಸಡಿಲವಾದರೆ ಒಂದು ದಿನ ಥ್ರೆಡ್ಡನ್ನೂ ಕಿತ್ತುಕೊಂಡು, ಮೇಲಿರುವ, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲನ್ನೂ ಒಡೆದುಕೊಂಡು ಗುಂಡಿನಂತೆ ಹೊರಗೆ ಬರುತ್ತದೆ. ಹೆಡ್ ಬದಲಿಸಲೇಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸಾಮಾನ್ಯವಾಗಿ ತೂತನ್ನು ಕೊರೆದು ಲೋಹದ ಇನ್ಸರ್ಟ್ ಕೂರಿಸಿದರೆ ಸಾಕು, ಅದು ಮೂಲ ಥ್ರೆಡ್‌ಗಿಂತ ಗಟ್ಟಿ. ಒಂದು ತೂತಿಗೆ ಸುಮಾರು 250ರಿಂದ 500 ಡಾಲರ್ ಆಗಬಹುದು. ಪ್ಲಗ್‌ಗಳನ್ನು ಕೊನೆಯ ಸಲ ಯಾವಾಗ ಬದಲಿಸಿದರು, ರಸೀದಿ ಇದೆಯೇ ಎಂದು ಕೇಳಿ.

ಇನ್ನು ಕೂಲಿಯ ವಿಷಯ. ಈ ವ್ಯಾನುಗಳಲ್ಲಿ ಎಂಜಿನ್ನಿನ ಅರ್ಧ ಮಾತ್ರ ಬಾನೆಟ್ ಕೆಳಗಿದೆ. ಉಳಿದರ್ಧ ಡ್ರೈವರ್ ಮೊಣಕಾಲಿನ ಪಕ್ಕ, ಎರಡು ಸೀಟುಗಳ ನಡುವಿನ ಮುಚ್ಚಳದೊಳಗೆ. ಮುಚ್ಚಳ ತೆಗೆದರೂ ಹಿಂದಿನ ಪ್ಲಗ್ ಕಣ್ಣಿಗೆ ಬೀಳುವುದಿಲ್ಲ. ಸಾಕೆಟ್‌ಗೆ ಎರಡು ಮೂರು ಎಕ್ಸ್‌ಟೆನ್ಷನ್ ಸೇರಿಸಿ, ಸೀಟಿನ ಮೇಲೆ ಮಂಡಿಯೂರಿ, ಬೆರಳಿಗೆ ಸಿಕ್ಕ ಅಂದಾಜಿನಲ್ಲೇ ತಿರುಗಿಸಬೇಕು. ಅದೇ ಎಂಜಿನ್ ಪಿಕಪ್‌ನಲ್ಲಿದ್ದರೆ ಬೇಗ ಮುಗಿಯುವ ಕೆಲಸ ಇಲ್ಲಿ ಅರ್ಧ ದಿನ ತಿನ್ನುತ್ತದೆ. ಗಂಟೆಗೆ 120ರಿಂದ 200 ಡಾಲರ್ ಕೂಲಿ ಇರುವ ಕಡೆ ಇದನ್ನು ಮರೆತು ಲೆಕ್ಕ ಹಾಕಲಾಗದು. ಮ್ಯಾನಿಫೋಲ್ಡ್ ಕೆಲಸ ಒಂದು ಬದಿಗೆ 600 ಡಾಲರಿಗೂ ಮುಗಿಯಬಹುದು. ಸ್ಟಡ್ ಹೆಡ್ಡಿನೊಳಗೇ ಮುರಿದು ಕೊರೆಯಬೇಕಾಗಿ ಬಂದರೆ 1,500 ದಾಟಬಹುದು.

ಇಷ್ಟೆಲ್ಲ ಆದರೂ ಎಂಜಿನ್ ನನಗೆ ದೊಡ್ಡ ಚಿಂತೆಯಲ್ಲ. ಆಯಿಲ್ ಸರಿಯಾಗಿ ಬದಲಿಸಿದ್ದರೆ ಈ ವಿ8 ಎರಡು ಲಕ್ಷ ಮೈಲಿ ದಾಟಿ ಓಡುತ್ತದೆ. ಮೈಲಿ ನೋಡಿ ಹೆದರಬೇಡಿ, ಗೇರ್‌ಬಾಕ್ಸ್ ಮತ್ತು ತುಕ್ಕು ನೋಡಿ ಹೆದರಿ.

ಗೇರ್‌ಬಾಕ್ಸ್ ಆಟೊಮ್ಯಾಟಿಕ್. ಗಾಡಿ ಚೆನ್ನಾಗಿ ಓಡಿ ಬಿಸಿಯಾದ ಮೇಲೆ, ಎಂಜಿನ್ ಚಾಲೂ ಇರುವಾಗಲೇ ಅದರ ಡಿಪ್‌ಸ್ಟಿಕ್ ಎಳೆದು ಬಿಳಿ ಕಾಗದಕ್ಕೆ ಒರೆಸಿ. ಕೆಂಪು ಬಣ್ಣವಿದ್ದರೆ ಸಂತೋಷ. ಕಂದು ಬಣ್ಣ, ಸುಟ್ಟ ವಾಸನೆ, ಕಾಗದದ ಮೇಲೆ ಕಪ್ಪು ಪುಡಿ ಕಂಡರೆ ಕ್ಲಚ್ ಪ್ಲೇಟುಗಳು ಸವೆದಿವೆ ಎಂದೇ ಅರ್ಥ. ಪಾರ್ಕ್‌ನಿಂದ ರಿವರ್ಸ್‌ಗೆ ಹಾಕಿದಾಗ ಒಂದೆರಡು ಸೆಕೆಂಡಿನಲ್ಲಿ ಗಾಡಿ ಎಳೆಯಬೇಕು, ಧಡಕ್ಕನೆ ಹೊಡೆಯಬಾರದು. ರೀಬಿಲ್ಡ್ ಮಾಡಿಸಲು 3,000ದಿಂದ 5,000 ಡಾಲರ್, ಅಂದರೆ ನೀವು ಕೊಳ್ಳುವ ಬೆಲೆಯಷ್ಟೇ.

ಓಹಾಯೋದಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಟಾರ್ಚ್ ಹಿಡಿದು ವ್ಯಾನಿನ ಕೆಳಗೆ ಮಲಗಿ ನೋಡಿ. ಹಿಂದಿನ ಲೀಫ್ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್ ಪದರ ಪದರವಾಗಿ ಉದುರುತ್ತಿದ್ದರೆ, ಫ್ರೇಮಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋದರೆ, ಅಲ್ಲಿಂದಲೇ ಮನೆಗೆ ಹೊರಡಿ. ಬೆಲೆ ಇಳಿಸಿದರೂ ಬೇಡ. ಬ್ರೇಕಿನ ಉಕ್ಕಿನ ಪೈಪುಗಳನ್ನಂತೂ ಉದ್ದಕ್ಕೂ ಸವರಿ ನೋಡಿ. ಹುಳುಕಾದ ಪೈಪು ಒಡೆಯುವುದು ನೀವು ಜೋರಾಗಿ ಬ್ರೇಕ್ ಒತ್ತಿದ ಹೊತ್ತಿನಲ್ಲೇ. ಎಲ್ಲ ಪೈಪು ಹೊಸದು ಹಾಕಿಸಲು ಸಾವಿರ ಡಾಲರಿನ ಆಸುಪಾಸು. ಮುಂದಿನ ಟೈರು ಒಂದು ಅಂಚಿನಲ್ಲಿ ಮಾತ್ರ ಸವೆದಿದ್ದರೆ ಚಕ್ರವನ್ನು ಹಿಡಿದಿರುವ ಕೀಲು, ಬಾಲ್ ಜಾಯಿಂಟ್ ಕೂಡ ನೋಡಿಸಿ.

ಗೇರ್‌ಬಾಕ್ಸ್, ಫ್ರೇಮ್ ಎರಡೂ ಚೆನ್ನಾಗಿದ್ದರೆ, ಮ್ಯಾನಿಫೋಲ್ಡ್ ಸದ್ದನ್ನೇ ತೋರಿಸಿ ಬೆಲೆಯಲ್ಲಿ ಸಾವಿರ ಇಳಿಸಿಕೊಂಡು ತೆಗೆದುಕೊಳ್ಳಿ. ತಂಡದ ಖಾತೆಯಲ್ಲಿ 3,000 ಡಾಲರ್ ಬೇರೆಯೇ ಇರಲಿ. ಅಷ್ಟು ಇಲ್ಲವಾದರೆ ಈ ವರ್ಷ ಬಾಡಿಗೆ ವ್ಯಾನಿನಲ್ಲೇ ನಾಟಕ ಮಾಡಿ.

ಪ್ರಶ್ನೆ: ನನ್ನ 2005ರ ಷೆವ್ರೊಲೆ ಎಕ್ಸ್‌ಪ್ರೆಸ್ ಬಿಸಿಲಿನಲ್ಲಿ ನಿಂತರೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಎರಡು ಸಲ ರಸ್ತೆಯಲ್ಲೇ ನಿಂತಿದೆ. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಫ್ಯುಯೆಲ್ ಪಂಪ್ ಬದಲಿಸಿ ಎನ್ನುತ್ತಾರೆ, 1,100 ಡಾಲರ್ ಅಂತೆ.
– ಟೆಕ್ಸಸ್‌ನ ಓದುಗರೊಬ್ಬರು

ಉತ್ತರ: ಪಂಪೇ ಇರಬಹುದು, ಈ ವ್ಯಾನುಗಳಲ್ಲಿ ಅದು ಹೋಗುವುದು ಹೊಸದೇನಲ್ಲ. ಆದರೆ ಅಳೆಯದೆ ದುಡ್ಡು ಕೊಡಬೇಡಿ. ಎಂಜಿನ್ ಮೇಲಿನ ಪೆಟ್ರೋಲ್ ಕೊಳವೆಗೆ, ಅಂದರೆ ಫ್ಯುಯೆಲ್ ರೇಲ್‌ಗೆ ಗೇಜ್ ಹಾಕಿ, ಕೀ ಆನ್ ಮಾಡಿದಾಗ ಒತ್ತಡ ಸುಮಾರು 55ರಿಂದ 60 ಪಿಎಸ್‌ಐ ಬರಬೇಕು. ಅದೂ ಬಿಸಿಲಿನಲ್ಲಿ, ತೊಂದರೆ ಕೊಡುವ ಹೊತ್ತಿನಲ್ಲೇ ಅಳೆಯಲಿ. ಬೆಳಗಿನ ತಂಪಿನಲ್ಲಿ ಸಾಯುತ್ತಿರುವ ಪಂಪೂ ಸರಿಯಾಗಿಯೇ ತೋರಿಸುತ್ತದೆ. ಟ್ಯಾಂಕಿನ ಮೇಲಿನ ವೈರಿಂಗ್ ಕನೆಕ್ಟರ್ ಕರಗಿದೆಯೇ ಎಂದು ನೋಡಲು ಹೇಳಿ. ಕರಗಿದ್ದರೆ ಪಂಪಿನ ಜೊತೆ ಅದನ್ನೂ ಬದಲಿಸಲೇಬೇಕು, ಇಲ್ಲವಾದರೆ ಹೊಸ ಪಂಪೂ ಅದೇ ದಾರಿ ಹಿಡಿಯುತ್ತದೆ.

ಪಂಪ್ ಇರುವುದು ಟ್ಯಾಂಕಿನೊಳಗೆ, ಕೆಲಸಕ್ಕೆ ಟ್ಯಾಂಕ್ ಇಳಿಸಬೇಕು. ನಿಮ್ಮದು 31 ಗ್ಯಾಲನ್ ಟ್ಯಾಂಕ್. ಫುಲ್ ಮಾಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ. ಹೊಸದು ಹಾಕಿಸಿದ ಮೇಲೆ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ, ಪಂಪನ್ನು ತಣ್ಣಗಿಡುವುದು ಆ ಪೆಟ್ರೋಲೇ.

ಪ್ರಶ್ನೆ: ಹಿರಿಯರನ್ನು ದೇವಸ್ಥಾನಕ್ಕೆ ಕರೆದೊಯ್ಯಲು 15 ಸೀಟಿನ ಹಳೆಯ ವ್ಯಾನ್ ಸುರಕ್ಷಿತವೇ?
– ನ್ಯೂಜೆರ್ಸಿಯ ಓದುಗರೊಬ್ಬರು

ಉತ್ತರ: ಹದಿನೈದೂ ಸೀಟು ತುಂಬಿಸುವುದಾದರೆ ನಾನು ಬೇಡ ಎನ್ನುತ್ತೇನೆ. ಜನ ಹೆಚ್ಚಿದಂತೆ ಭಾರದ ಕೇಂದ್ರ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಹತ್ತು ಜನ ದಾಟಿದರೆ ಉರುಳುವ ಅಪಾಯ ಬಹಳ ಏರುತ್ತದೆ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2001ರಿಂದಲೇ ಎಚ್ಚರಿಸುತ್ತಿದೆ. ಹತ್ತಕ್ಕಿಂತ ಕಡಿಮೆ ಜನ, ಮುಂದಿನ ಸಾಲುಗಳಲ್ಲಿ, ಎಲ್ಲರೂ ಬೆಲ್ಟ್ ಹಾಕಿಕೊಂಡು ಹೋಗಲಿ. ಟಾಪಿನ ಮೇಲೆ ಸಾಮಾನು ಬೇಡ.

ಟೈರುಗಳ ವಿಷಯದಲ್ಲಿ ಜುಗ್ಗತನ ಮಾಡಬೇಡಿ. ಇಂಥ ವ್ಯಾನುಗಳು ವಾರಕ್ಕೊಮ್ಮೆ ಓಡುವುದರಿಂದ ಟೈರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ (DOT) ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2314 ಎಂದಿದ್ದರೆ 2014ರ 23ನೇ ವಾರ ತಯಾರಾದದ್ದು. ಅಂಥದ್ದು ಎಷ್ಟೇ ಕಪ್ಪಗೆ ಹೊಳೆಯಲಿ, ತೆಗೆಸಿ. ಗಾಳಿಯ ಒತ್ತಡ ಮುಂದೆ ಹಿಂದೆ ಬೇರೆ ಬೇರೆ ಇರಬಹುದು, ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ಪ್ರತಿ ಪ್ರಯಾಣಕ್ಕೂ ಮೊದಲು ಗೇಜ್ ಹಿಡಿದು ನೋಡಿ, ಹಿಂದಿನ ಎರಡನ್ನು ತಪ್ಪದೆ.