ಗಾಡಿಯ ಹಾದಿಯ ನೆನಪುಗಳನ್ನು ನಂಬಬಹುದೇ?

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದಲ್ಲಿ ಎತ್ತಿನ ಗಾಡಿಗಳಲ್ಲಿ ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದ ಹೆಂಗಸರು ಬರೆದಿಟ್ಟ ನೆನಪುಗಳು ಎಷ್ಟರಮಟ್ಟಿಗೆ ನಂಬಲರ್ಹ? ನನ್ನ ಅಜ್ಜಿ ಸಣ್ಣವಳಿದ್ದಾಗ ಅವರ ಕುಟುಂಬ ವಿಟ್ಲದ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿತು. ಅವರು ಹೇಳುವುದನ್ನು ಬರೆದಿಡಬೇಕೆಂದಿದ್ದೇನೆ, ಆದ್ದರಿಂದ ಕೇಳುತ್ತಿದ್ದೇನೆ.
– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ನಂಬಬಹುದು. ಆದರೆ ದಾರಿಯಲ್ಲೇ ಬರೆದ ದಿನಚರಿಯನ್ನೂ ವರ್ಷಗಳ ನಂತರ ಬರೆದ ನೆನಪನ್ನೂ ಒಂದೇ ರೀತಿಯಲ್ಲಿ ಓದಬಾರದು.

ಅಮೆರಿಕದ ನಡುಭಾಗದ ಮಿಸೌರಿಯಿಂದ ಪಶ್ಚಿಮ ಕರಾವಳಿಯ ಒರೆಗಾನ್‌ಗೆ ಸುಮಾರು 3,200 ಕಿಲೋಮೀಟರು ದಾರಿ, ಐದಾರು ತಿಂಗಳ ಪ್ರಯಾಣ. 1844ರಲ್ಲಿ ಆ ದಾರಿ ಹಿಡಿದ ಕುಟುಂಬವೊಂದರ ಹುಡುಗಿ ಕ್ಯಾಥರೀನ್ ಸೇಗರ್, ಆಗ ಒಂಬತ್ತು ವರ್ಷದವಳು, ದೊಡ್ಡವಳಾದ ಮೇಲೆ ತನ್ನ ನೆನಪುಗಳನ್ನು ಬರೆದಳು. ಒಂದು ಕಡೆ ನೆಲೆ ನಿಲ್ಲದ ಸ್ವಭಾವದ ತಂದೆ, ಒರೆಗಾನ್‌ನ ಹವೆ ಆರೋಗ್ಯಕ್ಕೆ ಒಳ್ಳೆಯದೆಂದು ಕೇಳಿ ಒಪ್ಪಿಕೊಂಡ ತಾಯಿ, ಗಾಡಿಯ ಓಲಾಟಕ್ಕೆ ವಾರಗಟ್ಟಲೆ ಹೊಟ್ಟೆ ತೊಳಸಿದ್ದು, ಮಳೆಗೆ ಗಾಡಿಯ ಹೊದಿಕೆ ಬಿಗಿದಾಗ ಒಳಗೆ ಗಾಳಿಯಿಲ್ಲದೆ ಅದು ಇನ್ನೂ ಹೆಚ್ಚಿದ್ದು: ಇವೆಲ್ಲ ಅದರಲ್ಲಿವೆ. ಮಕ್ಕಳು ಓಡುವ ಗಾಡಿಯಿಂದ ಜಿಗಿದಿಳಿಯುವುದನ್ನು ರೂಢಿ ಮಾಡಿಕೊಂಡಿದ್ದರು. ಲ್ಯಾರಮಿ ಕೋಟೆ ಸಮೀಪಿಸಿದಾಗ ಹೀಗೆ ಜಿಗಿಯುವ ಹೊತ್ತಿಗೆ ಅವಳ ಲಂಗದ ಅಂಚು ಕೊಡಲಿಯ ಹಿಡಿಗೆ ಸಿಕ್ಕಿಕೊಂಡಿತು. ಅವಳು ಚಕ್ರದಡಿಗೆ ಬಿದ್ದು ಎಡಗಾಲು ಜಜ್ಜಿಹೋಯಿತು. ಕೊಡಲಿಯ ಹಿಡಿಯನ್ನು ಯಾರೂ ಕತೆಯ ಸೊಗಸಿಗಾಗಿ ಕಟ್ಟಿ ಸೇರಿಸುವುದಿಲ್ಲ. ಮೈಗೆ ತಾಗಿದ ಇಂಥ ವಿವರಗಳನ್ನು ನಾನು ಹೆಚ್ಚು ನಂಬುತ್ತೇನೆ. ಅದೇ ದಾರಿಯಲ್ಲಿ ಮೊದಲು ತಂದೆ, ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡರು. ದಾರಿಯಲ್ಲೇ ಹುಟ್ಟಿದ ಕೂಸೂ ಸೇರಿ ಏಳು ಮಕ್ಕಳು ಅನಾಥರಾಗಿ, ಕ್ರೈಸ್ತ ಧರ್ಮಪ್ರಚಾರಕರಾದ ವಿಟ್ಮನ್ ದಂಪತಿಯ ಮಿಷನ್ ಸೇರಿದರು.

ದಿನಚರಿಯ ಮಾತು ಬೇರೆ. 1853ರಲ್ಲಿ ಅಯೋವಾದಿಂದ ಏಳು ಮಕ್ಕಳೊಡನೆ ಹೊರಟ ಅಮೀಲಿಯಾ ಸ್ಟೂವರ್ಟ್ ನೈಟ್, ಮಳೆ, ಕೆಸರು, ಒದ್ದೆ ಬಟ್ಟೆ, ಸತ್ತ ಎತ್ತುಗಳ ಬಗ್ಗೆ ಬರೆಯುತ್ತಾ ಹೋಗುತ್ತಾಳೆ. ಒಮ್ಮೆ ಮಗಳು ಲೂಸಿಯನ್ನು ತಂಗಿದ ಜಾಗದಲ್ಲೇ ಬಿಟ್ಟು ಗಾಡಿಗಳು ಮೈಲುಗಟ್ಟಲೆ ಮುಂದೆ ಹೋದ ಮೇಲಷ್ಟೇ ಅದು ಗೊತ್ತಾದುದನ್ನೂ ದಾಖಲಿಸುತ್ತಾಳೆ. ಆದರೆ ಹೊರಡುವಾಗಲೇ ತಾನು ಗರ್ಭಿಣಿಯಾಗಿದ್ದೆನೆಂಬುದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಎಂಟನೆಯ ಮಗು ಹುಟ್ಟಿದ ಸುದ್ದಿ ಬರುವುದು ಕಟ್ಟಕಡೆಗೆ, ಒಂದೇ ಸಾಲಿನಲ್ಲಿ. ಅಂದಂದೇ ಬರೆದ ದಾಖಲೆಯಲ್ಲಿ ಎಲ್ಲವೂ ಇರುತ್ತದೆಂದು ತಿಳಿಯುವವರು ಈ ಒಂದು ಸಾಲನ್ನು ಗಮನಿಸಬೇಕು. ಆ ಕಾಲದ ಹೆಂಗಸರ ಮಟ್ಟಿಗೆ ಬಸಿರು ಬರೆಯುವ ವಿಷಯವೇ ಆಗಿರಲಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ವಲಸೆಗೆ ಭೂಮಿಯ ಆಸೆಯೇ ದೊಡ್ಡ ಕಾರಣ. ಒರೆಗಾನ್‌ನಲ್ಲಿ 1850ರ ಕಾನೂನು ಅಲ್ಲಿ ಆಗಲೇ ನೆಲೆಸಿದ್ದ ದಂಪತಿಗೆ 640 ಎಕರೆ ಕೊಟ್ಟು, ಅದರಲ್ಲಿ ಅರ್ಧವನ್ನು ಹೆಂಡತಿಯ ಹಕ್ಕಿಗೇ ಬಿಟ್ಟಿತು. ಆ ಕಾಲಕ್ಕೆ ಇದು ಅಪರೂಪದ ಸಂಗತಿ. ಆದರೆ ಆ ನೆಲ ಖಾಲಿಯಾಗಿರಲಿಲ್ಲ. 1847ರಲ್ಲಿ ವಿಟ್ಮನ್ ಮಿಷನ್ನಿನ ಸುತ್ತಲಿನ ಮೂಲನಿವಾಸಿಗಳಾದ ಕಯೂಸ್ ಜನರಲ್ಲಿ ದಡಾರ ಹಬ್ಬಿ ಅಪಾರ ಸಾವು ಸಂಭವಿಸಿತು. ಇದಕ್ಕೆ ಮಿಷನ್ನಿನವರೇ ಕಾರಣವೆಂಬ ಸಿಟ್ಟಿನಲ್ಲಿ ಅವರಲ್ಲಿ ಕೆಲವರು ಮಿಷನ್ನಿನ ಮೇಲೆ ದಾಳಿ ಮಾಡಿ ವಿಟ್ಮನ್ ದಂಪತಿಯನ್ನೂ ಕ್ಯಾಥರೀನಳ ಇಬ್ಬರು ಅಣ್ಣಂದಿರನ್ನೂ ಕೊಂದರು. ಅವಳ ದುಃಖ ನಿಜ. ಮಕ್ಕಳನ್ನು ಕಳೆದುಕೊಂಡ ಕಯೂಸ್ ತಾಯಂದಿರ ದುಃಖವೂ ಅಷ್ಟೇ ನಿಜ. ಒಂದು ಕಡೆಯ ನೆನಪನ್ನಷ್ಟೇ ಓದಿ ಆ ವಲಸೆಯನ್ನು ತಿಳಿದೆವೆಂದುಕೊಳ್ಳುವುದು ನ್ಯಾಯವಲ್ಲ.

ಹಾಗಾಗಿ ನಿಮ್ಮ ಅಜ್ಜಿಯ ಹತ್ತಿರ ಇಸವಿಯನ್ನು ಮೊದಲು ಕೇಳಬೇಡಿ. ಹೊರಡುವ ತೀರ್ಮಾನ ಯಾರದು, ಅವರ ಅಮ್ಮನನ್ನು ಯಾರಾದರೂ ಕೇಳಿದ್ದರೇ, ಏನೇನು ಹೊತ್ತು ತಂದರು, ಏನನ್ನು ಬಿಟ್ಟು ಬಂದರು, ದಾರಿಯಲ್ಲಿ ಯಾರಿಗೆ ಕಾಯಿಲೆಯಾಯಿತು, ಇಲ್ಲಿಗೆ ಬಂದಾಗ ಆ ಜಾಗದಲ್ಲಿ ಯಾರಿದ್ದರು ಎಂದು ಕೇಳಿ. ಹೆರಿಗೆ, ಸಾವುಗಳ ಮಾತನ್ನು ಗಂಡಸರೆದುರು ಅವರು ಆಡಲಿಕ್ಕಿಲ್ಲ. ಮನೆಯ ಹೆಂಗಸೊಬ್ಬರು ಒಂಟಿಯಾಗಿ ಕೂತು ಕೇಳುವುದು ಲೇಸು. ಅವರು ಆಡುವ ಮನೆಮಾತಿನಲ್ಲೇ ಬರೆದುಕೊಳ್ಳಿ. ಇಸವಿಯನ್ನು ಮನೆಯ ಹಳೆಯ ದಸ್ತಾವೇಜುಗಳಲ್ಲಿ ಹುಡುಕಬಹುದು. 1956ರ ನವೆಂಬರ್ 1ರವರೆಗೆ ನಿಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತಾದ್ದರಿಂದ ಅಂದಿನ ಕಾಗದಪತ್ರಗಳ ವಿಚಾರಣೆಯನ್ನು ಮಂಗಳೂರಿನ ಕಡೆಯೂ ಮಾಡಿ ನೋಡಿ.