ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್ ಊರಿನ ಹಳೇ ಪತ್ರಿಕೆಯಲ್ಲಿ ಒಬ್ಬರ ನಿಧನವಾರ್ತೆ ಹುಡುಕೋದು ಹೇಗೆ?

ಮೊದಲು ತೀರಿಕೊಂಡ ದಿನಾಂಕ ಗೊತ್ತುಮಾಡಿಕೊಂಡು, ಮುಂದಿನ ಹತ್ತು ದಿನಗಳ ‘ಮೇಕನ್ ಟೆಲಿಗ್ರಾಫ್’ ಸಂಚಿಕೆಗಳನ್ನು ಪುಟಪುಟವಾಗಿ ನೋಡಿ. ಒಂದು ವಾರ ಸಾಲದು: ಗಾಯಕ ಓಟಿಸ್ ರೆಡಿಂಗ್ 1967ರ ಡಿಸೆಂಬರ್ 10ರಂದು ವಿಸ್ಕಾನ್ಸಿನ್‌ನಲ್ಲಿ ವಿಮಾನ ಬಿದ್ದು ತೀರಿಕೊಂಡರು, ಮೇಕನ್ ಸಿಟಿ ಆಡಿಟೋರಿಯಂನಲ್ಲಿ ಅಂತ್ಯವಿಧಿ ನಡೆದದ್ದು 18ಕ್ಕೆ.

ಸ್ಕ್ಯಾನ್ ಮಾಡಿಟ್ಟ ಪತ್ರಿಕೆಗಳಲ್ಲಿ ಹೆಸರು ಟೈಪ್ ಮಾಡಿ ಹುಡುಕಿದರೆ ಹೆಂಗಸರು ಸಿಗೋದೇ ಕಷ್ಟ. ಹಳೇ ಸುದ್ದಿಗಳಲ್ಲಿ ಅವರು ‘ಮಿಸೆಸ್’ ಜೊತೆ ಗಂಡನ ಹೆಸರಲ್ಲೇ ಇರುತ್ತಾರೆ. ಅಚ್ಚು ಮಸುಕಾಗಿದ್ದರೆ ಇಂಗ್ಲಿಷಿನ ‘ಆರ್’, ‘ಎನ್’ ಸಣ್ಣಕ್ಷರಗಳು ಅಂಟಿಕೊಂಡು ಕಂಪ್ಯೂಟರ್‌ಗೆ ‘ಎಂ’ ಆಗಿ ಕಾಣುತ್ತವೆ. ಆಗ ಬೀದಿ ಅಥವಾ ಚರ್ಚಿನ ಹೆಸರು ಹಾಕಿ.

ವರ್ಣಭೇದದ ಕಾಲದಲ್ಲಿ ದಕ್ಷಿಣದ ಬಿಳಿಯರ ಪತ್ರಿಕೆಗಳು ಕಪ್ಪುಜನರ ಸಾವನ್ನು ಬಹುಪಾಲು ಅಚ್ಚು ಹಾಕುತ್ತಲೇ ಇರಲಿಲ್ಲ, ಹಾಕಿದರೂ ಬೇರೆ ಕಾಲಂನಲ್ಲಿ. ಅಂಥವರಿಗಾಗಿ ಚರ್ಚಿನ ದಾಖಲೆ ನೋಡಿ. ಊರಿನ ವಾಷಿಂಗ್ಟನ್ ಮೆಮೋರಿಯಲ್ ಲೈಬ್ರರಿಯ ವಂಶಾವಳಿ ವಿಭಾಗದಲ್ಲೂ ವಿಚಾರಿಸಿ.