ಸಂಪಾದಕರ ಉತ್ತರ: ದಿನಾ ಡಾಪ್ಲರ್ ಯಾಕೆ ಮಾಡಿದ್ರು?

ದಾವಣಗೆರೆಯಿಂದ ಬರೆದ ಮೇಡಮ್‌ಗೆ ನಮಸ್ಕಾರ. ನಿಮ್ಮಕ್ಕ ಲಿವರ್‌ನ ಬಲಭಾಗ ಕೊಟ್ಟು ಭಾವನ್ನ ಉಳಿಸ್ಕೊಂಡಿದ್ದಾರೆ, ಭಾವ ಈಗ ಮನೇಲಿದ್ದಾರೆ, ಓದಿ ಖುಷಿಯಾಯ್ತು. ರಕ್ತದ ರಿಪೋರ್ಟೆಲ್ಲ ಚೆನ್ನಾಗೇ ಇದ್ರೂ ಐದು ದಿನ ಬಿಡದೆ ಐಸಿಯುಗೆ ಡಾಪ್ಲರ್ ಮೆಷಿನ್ (ರಕ್ತ ಎಷ್ಟು ವೇಗವಾಗಿ ಓಡ್ತಿದೆ ಅಂತ ತೋರ್ಸೋ ಸ್ಕ್ಯಾನ್) ತಳ್ಕೊಂಡು ಬಂದ್ರು, ಮೊದಲ್ನೇ ದಿನ ಆರ್‌ಐ (ರೆಸಿಸ್ಟಿವ್ ಇಂಡೆಕ್ಸ್, ರಕ್ತದ ಓಟಕ್ಕೆ ಎಷ್ಟು ತಡೆ ಇದೆ ಅನ್ನೋ ನಂಬರ್) 0.82, ಐದನೇ ದಿನ 0.71, ಇಳಿದಿದ್ದು ಒಳ್ಳೇದಾ ಕೆಟ್ಟದ್ದಾ, ಇದೆಲ್ಲ ಬಿಲ್ ಏರ್ಸೋಕಾ ಅಂತ ಕೇಳಿದ್ದೀರ.

ಬಿಲ್ಲಿನ ಬಗ್ಗೆ ನಂಗೂ ಸಿಟ್ಟಿದೆ, ಆದ್ರೆ ಈ ಸ್ಕ್ಯಾನ್ ವಿಷಯದಲ್ಲಿ ನಾನು ಡಾಕ್ಟ್ರ ಕಡೆ. ಲಿವರ್‌ಗೆ ರಕ್ತ ಎರಡು ದಾರೀಲಿ ಬರತ್ತೆ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರೋ ಪೋರ್ಟಲ್ ವೇನ್‌ನಿಂದ, ಉಳಿದಿದ್ದು ಹೃದಯದ ಕಡೆಯಿಂದ ಬರೋ ಹೆಪ್ಯಾಟಿಕ್ ಆರ್ಟರಿಯಿಂದ. ಕಾಲು ಪಾಲು ತಾನೇ ಅನ್ಕೋಬೇಡಿ, ಹೊಸ ಲಿವರ್‌ನ ಪಿತ್ತನಾಳ ಬದುಕೋದೇ ಆ ಆರ್ಟರಿ ಮೇಲೆ, ಯಾಕಂದ್ರೆ ಮೊದಲಿದ್ದ ಸಣ್ಣಪುಟ್ಟ ಒಳದಾರಿಗಳೆಲ್ಲ ಆಪರೇಷನ್‌ನಲ್ಲಿ ಕಟ್ ಆಗಿರತ್ತೆ. ಬದುಕಿರೋರು ಕೊಟ್ಟ ಲಿವರ್‌ನಲ್ಲಂತೂ ಆ ಆರ್ಟರಿ ಎರಡು ಮೂರು ಮಿಲಿಮೀಟರ್ ದಪ್ಪ ಅಷ್ಟೇ, ಮೈಕ್ರೋಸ್ಕೋಪ್ ಇಟ್ಕೊಂಡು ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲೀತಾರೆ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಪಿತ್ತನಾಳ ಕೊಳೆಯತ್ತೆ, ಕೆಲವ್ರಿಗೆ ಮತ್ತೆ ಟ್ರಾನ್ಸ್‌ಪ್ಲಾಂಟೇ ಬೇಕಾಗತ್ತೆ. ತೊಂದ್ರೆ ಏನಂದ್ರೆ ರಕ್ತದ ಟೆಸ್ಟ್ ಕೆಡೋದು ಕೆಲವೊಮ್ಮೆ ತಡವಾಗಿ, ಡಾಪ್ಲರ್‌ನಲ್ಲಿ ಅದಕ್ಕೂ ಮುಂಚೆ ಕಾಣತ್ತೆ, ಬೇಗ ಗೊತ್ತಾದ್ರೆ ಹೆಪ್ಪು ತೆಗೆದು ಮತ್ತೆ ಹೊಲಿದು ಲಿವರ್ ಉಳಿಸ್ಕೋಬಹುದು.

ಈಗ ಆ ಆರ್‌ಐ. ಹೃದಯ ಒತ್ತಿದಾಗ ರಕ್ತ ಸೆಕೆಂಡಿಗೆ 50 ಸೆಂಟಿಮೀಟರ್ ಓಡ್ತು, ಬಿಟ್ಟಾಗ 9 ಅನ್ಕೊಳ್ಳಿ. 50ರಲ್ಲಿ 9 ಕಳೆದು 50ರಿಂದ ಭಾಗಿಸಿ, 0.82 ಬಂತಾ? ಅಷ್ಟೇ ಲೆಕ್ಕ. ಸಾಮಾನ್ಯವಾಗಿ 0.5ರಿಂದ 0.8 ಸರಿ ಅಂತಾರೆ. ಮೊದಲೆರಡು ಮೂರು ದಿನ ಹೊಸ ಲಿವರ್ ಊದ್ಕೊಂಡಿರತ್ತೆ, ರಕ್ತ ಒಳಗೆ ನುಗ್ಗೋಕೆ ಸ್ವಲ್ಪ ಕಷ್ಟ, ಅದಕ್ಕೆ ನಂಬರ್ ಮೇಲಿರತ್ತೆ, ಊತ ಇಳಿದಂಗೆ ತಾನೂ ಇಳಿಯತ್ತೆ. ಭಾವಂದು ಆಗಿದ್ದೂ ಅದೇ ಥರ ಕಾಣತ್ತೆ.

ನಾವೆಲ್ಲ ಬಿಪಿ, ಶುಗರ್ ನೋಡಿ ನೋಡಿ ನಂಬರ್ ಜಾಸ್ತಿ ಆದ್ರೇನೇ ಹೆದರೋದು. ಇಲ್ಲಿ ಉಲ್ಟಾ, ತೀರಾ ಕಮ್ಮಿ ಆದ್ರೂ ಹೆದರಬೇಕು. ತೋಟದ ಪೈಪನ್ನ ಯಾರೋ ಹಿಂದೆ ಮೆಟ್ಟಿದ್ರೆ ಈ ತುದೀಲಿ ನೀರು ಚಿಮ್ಮಲ್ಲ, ಸುಸ್ತಾಗಿ ಬರತ್ತಲ್ಲ, ಹಂಗೆ ಆರ್ಟರಿ ಹೊಲಿಗೆ ಹತ್ರ ಕಿರಿದಾದ್ರೆ ಅದರಾಚೆ ರಕ್ತದ ಅಲೆ ನಿಧಾನಕ್ಕೆ ಏರತ್ತೆ, ಆರ್‌ಐ 0.5ಕ್ಕಿಂತ ಕೆಳಗೆ ಬರತ್ತೆ. ಏರೋಕೆ 0.08 ಸೆಕೆಂಡಿಗಿಂತ ಜಾಸ್ತಿ ತಗೊಂಡ್ರೆ ಅನುಮಾನ ಗಟ್ಟಿಯಾಗತ್ತೆ.

ಆದ್ರೂ ಡಾಪ್ಲರ್ ಒಂದನ್ನೇ ನಂಬಿ ಹೊಟ್ಟೆ ಬಿಚ್ಚಲ್ಲ. ಡ್ರೆಸ್ಸಿಂಗ್ ಪಕ್ಕ ಉಳಿದ ನಾಲ್ಕು ಬೆರಳು ಜಾಗದಲ್ಲಿ ತಣ್ಣನೆ ಜೆಲ್ಲಿ ಹಚ್ಚಿ, ಪಕ್ಕೆಲುಬಿನ ಸಂದೀಲಿ ಪ್ರೋಬ್ ಓರೆ ಮಾಡಿ ಹುಡುಕ್ಬೇಕು, ಪೇಷಂಟ್‌ಗೆ ಉಸಿರು ಹಿಡಿಯೋಕೂ ಆಗಲ್ಲ. ಬಿಪಿ ಕಮ್ಮಿ ಇದ್ರೆ ರಕ್ತ ಓಡ್ತಿದ್ರೂ ಮೆಷಿನ್‌ಗೆ ಸಿಗಲ್ಲ. ಸಿಗದೇ ಇದ್ರೆ ಸಿಟಿ ಆಂಜಿಯೋ (ರಕ್ತನಾಳಕ್ಕೆ ಔಷಧಿ ಬಿಟ್ಟು ತೆಗೆಯೋ ಸಿಟಿ ಸ್ಕ್ಯಾನ್) ಮಾಡಿ ನೋಡ್ತಾರೆ.

ಮುಂದಿನ ಚೆಕಪ್‌ಗೆ ಹಳೇ ಡಾಪ್ಲರ್ ರಿಪೋರ್ಟೆಲ್ಲ ಒಟ್ಟಿಗೆ ತಗೊಂಡು ಹೋಗಿ, ಅವನ್ನ ಪಕ್ಕಪಕ್ಕ ಇಟ್ಟು ನೋಡೋದ್ರಲ್ಲೇ ಇರೋದು ವಿಷಯ. ಅಂದಹಾಗೆ ಪತ್ರದಲ್ಲಿ ಭಾವಂದೇ ಎರಡು ಪುಟ, ಲಿವರ್ ಕೊಟ್ಟ ಅಕ್ಕ ಹೇಗಿದ್ದಾರೆ ಅಂತ ಒಂದು ಸಾಲೂ ಇಲ್ವಲ್ಲ, ಬರೀರಿ.